ಗ್ಯಾರೇಜಿನ ಬೋರಿಂಗು

ಹೋದ ಶನಿವಾರ ನಮ್ಮ ಬೇಸ್‌ಮೆಂಟಿನ ಸಂಪ್ ಪಂಪು ಕೈಕೊಟ್ಟಿತು. ಮಿಶಿಗನ್ನಿನಲ್ಲಿ ಮನೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಒಂದು ಮಾತು. ಹಿಮ ಕರಗುವ ಕಾಲಕ್ಕೆ ಇಲ್ಲಿ ನೆಲದಡಿಯ ನೀರೆಲ್ಲ ಮನೆಯ ಪಾಯಕ್ಕೆ ಬಂದು ನಿಲ್ಲುತ್ತದೆ. ಅದನ್ನು ಎತ್ತಿ ಹೊರಗೆ ಚೆಲ್ಲಲೆಂದೇ ಬೇಸ್‌ಮೆಂಟಿನ ಮೂಲೆಯ ಗುಂಡಿಯಲ್ಲಿ ಒಂದು ಪಂಪು ಕೂತಿರುತ್ತದೆ. ಮೊದಲಾಗಿದ್ದರೆ ಪ್ಲಂಬರಿಗೆ ಫೋನ್ ಮಾಡಿ, ಅವನು ಬರುವ ತನಕ ಮೆಟ್ಟಿಲ ಮೇಲೆ ಕೂತು ಹಲ್ಲು ಕಡಿಯುತ್ತಿದ್ದೆ. ಈ ಸಲ ನಾನೇ ಪ್ಯಾಂಟು ಮಡಚಿ ಗುಂಡಿಗೆ ಕೈ ಹಾಕಿದೆ. ಮೇಲಿನಿಂದ ನನ್ನ ಹೆಂಡತಿ ವಿದ್ಯಾ, "ಯಾವಾಗಿಂದ ಇಷ್ಟು ಜಾಣರಾದ್ರಿ?" ಎಂದು ಕೂಗಿದಳು. ಉತ್ತರ ಕೊಡಲಿಲ್ಲ, ಬಾಯಲ್ಲಿ ಸ್ಕ್ರೂ ಇತ್ತು. ಮುಚ್ಚಳ ಬಿಚ್ಚಿದಾಗ ಒದ್ದೆ ರಬ್ಬರು, ಹಳೆಯ ಗ್ರೀಸು ಎರಡೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ, ನಾನು ನಮ್ಮ ಬೇಸ್‌ಮೆಂಟಿನಲ್ಲಿ ಇರಲಿಲ್ಲ. ಎರಡು ಮೈಲಿ ಆಚೆ, ಶರಣಪ್ಪ ಅಂಕಲ್ ಗ್ಯಾರೇಜಿನಲ್ಲಿದ್ದೆ.

ಶರಣಪ್ಪ ಅಂಕಲ್ ಬಾಗಲಕೋಟೆ ಕಡೆಯವರು. ನಮ್ಮ ಊರು ಕ್ಯಾಂಟನ್ನಿನಲ್ಲಿ ಸಬ್‌ಡಿವಿಷನ್ನು ಎನ್ನುವ ಮನೆಗಳ ಬಡಾವಣೆಗಳು ಏಳುವ ಮೊದಲೇ ಇಲ್ಲಿಗೆ ಬಂದು ನೆಲೆಸಿದ್ದ ಹೈಡ್ರಾಲಿಕ್ಸ್ ಇಂಜಿನಿಯರು. ಅವರ ಗ್ಯಾರೇಜಿನಲ್ಲಿ ಒಂದು ಕೈಪಂಪು ಇತ್ತು. ನೀವು ಕರ್ನಾಟಕದ ಯಾವ ಊರಿನಲ್ಲಿ ಬೆಳೆದಿದ್ದರೂ ಅದನ್ನು ನೋಡಿರುತ್ತೀರಿ: ಮೂರು ಕಾಲಿನ ಮೇಲೆ ನಿಂತ ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಉದ್ದನೆಯ ಹಿಡಿ, ಗಿಡ್ಡ ಮೂತಿ. ಅಂಕಲ್ ಊರಿನ ಕಡೆ ಅದಕ್ಕೆ ಬೋರಿಂಗು ಎನ್ನುತ್ತಾರೆ. ಮೊದಲು ಅದನ್ನು ಹಿತ್ತಲಲ್ಲಿ, ಗುಲಾಬಿ ಗಿಡಗಳ ಪಕ್ಕದಲ್ಲಿ ನೆಟ್ಟಿದ್ದರಂತೆ. ಸಬ್‌ಡಿವಿಷನ್ನಿನ ಸಂಘದವರು ಇದು ಯಾವ ಬಗೆಯ ಅಲಂಕಾರ ಎಂದು ಕೇಳಿ ಪತ್ರ ಬರೆದರು. ಅಂಕಲ್ ವಾದಕ್ಕೆ ಇಳಿಯಲಿಲ್ಲ. ಕಾರನ್ನು ಹೊರಗೆ ನಿಲ್ಲಿಸಿ, ಪಂಪನ್ನು ಗ್ಯಾರೇಜಿನ ಒಳಗೆ ತಂದು, ಕೆಳಗೆ ನೀಲಿ ಡ್ರಮ್ಮಿಟ್ಟು, ಎರಡು ತುಂಡು ಪೈಪು ಜೋಡಿಸಿ ಕೂರಿಸಿಬಿಟ್ಟರು. ಅವರ ಹೆಂಡತಿ ಗಿರಿಜಾ ಆಂಟಿ ಬಂದವರಿಗೆಲ್ಲ ಹೇಳುತ್ತಿದ್ದರು: "ನೋಡ್ರಿ ನಮ್ಮ ಮನೀ ನ್ಯಾಯ! ಕಾರು ಹೊರಗ ಹಿಮದಾಗ ನಿಂತದ, ಬೋರಿಂಗು ಒಳಗ ಬೆಚ್ಚಗ ಕುಂತದ."

ಆ ಮನೆಗೆ ಊಟಕ್ಕೆಂದು ಬಂದ ಯಾರೂ ಪಂಪು ಬಿಚ್ಚದೆ ಊಟ ಮಾಡಿದ್ದಿಲ್ಲ. ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗರು ಜೋಳದ ರೊಟ್ಟಿಯ ಆಸೆಗೆ ಬರುತ್ತಿದ್ದರು. ಅವರ ಕೈಗೆ ಮೊದಲು ಸ್ಪ್ಯಾನರು, ಆಮೇಲೆ ರೊಟ್ಟಿ. ನಾನು ಮೊದಲ ಸಲ ಬಿಚ್ಚಿದಾಗ ಒಳಗಿನ ಬಟ್ಟಲಿನಂಥ ವಾಷರನ್ನು ತಲೆಕೆಳಗು ಕೂರಿಸಿದೆ. ಹಿಡಿ ಒತ್ತಿದರೆ ನೀರಿನ ಬದಲು ಒಂದು ನಿಟ್ಟುಸಿರು ಬಂತು. "ಕ್ವಾಲಿಟಿ ಇಂಜಿನಿಯರ್ ಅಂದ್ಯಲ್ಲೋ ತಮ್ಮಾ, ಯಾವುದರ ಕ್ವಾಲಿಟಿ?" ಎಂದರು ಅಂಕಲ್.

ಈ ವಾಷರಿನ ವಿಷಯದಲ್ಲಿ ನಮ್ಮಜ್ಜಿಯ ಕಥೆ ಹೇಳದೆ ಮುಂದೆ ಹೋಗಲಾರೆ. ಮದ್ದೂರಿನ ನಮ್ಮ ಬೀದಿಗೆ ಕೈಪಂಪು ಬಂದಾಗ ಅಜ್ಜಿ ಅದರ ನೀರು ಕುಡಿಯಲಿಲ್ಲ. ಒಳಗೆ ಚರ್ಮದ ವಾಷರು ಇದೆ ಎಂದು ಯಾರೋ ಕಿವಿಯಲ್ಲಿ ಊದಿದ್ದರು. ಹಾಗಾಗಿ ಕುಡಿಯಲು ಬಾವಿ, ಪಾತ್ರೆ ತೊಳೆಯಲು ಪಂಪು ಎಂದು ಮನೆಯಲ್ಲಿ ಕಾನೂನಾಯಿತು. ಒಂದು ಬೇಸಿಗೆಯಲ್ಲಿ ಬಾವಿ ಬತ್ತಿತು. ಅಜ್ಜಿ ಎರಡು ದಿನ ಯೋಚನೆ ಮಾಡಿ, "ಭೂಮ್ತಾಯಿ ಹೊಟ್ಟೆಯಿಂದ ಬರೋದಕ್ಕೆ ಎಂಥ ಮೈಲಿಗೆ" ಎಂದು ತೀರ್ಪು ಕೊಟ್ಟು ಬಿಂದಿಗೆ ಹಿಡಿದು ಹೊರಟರು. ಇದನ್ನು ಹೇಳಿದಾಗ ಅಂಕಲ್ ಬಹಳ ಹೊತ್ತು ನಕ್ಕರು. "ಈಗ ಎಲ್ಲಾ ರಬ್ಬರ್ ಬಂದಾವ. ನಿಮ್ಮಜ್ಜಿ ಇದ್ದಿದ್ರ ನಾನ ಒಂದು ಡಜನ್ ಕಳಸ್ತಿದ್ದೆ" ಎಂದರು.

ಅಂಕಲ್ ತಲೆಗೆ ಈ ಹುಚ್ಚು ಹತ್ತಿದ್ದು ಜಾಂಬಿಯಾದಲ್ಲಿ. ಅವರ ಕಂಪನಿ ಅಲ್ಲಿನ ತಾಮ್ರದ ಗಣಿಯೊಂದಕ್ಕೆ ಯಂತ್ರ ಕೂರಿಸಲು ಅವರನ್ನು ಕಳಿಸಿತ್ತು. ಕೆಲಸ ಮುಗಿಸಿ ದಕ್ಷಿಣದ ಕಡೆ ನಾಲ್ಕು ದಿನ ತಿರುಗಾಡಲು ಹೋದಾಗ ಒಂದು ಹಳ್ಳಿಯ ನಡುವೆ ತಮ್ಮ ಊರಿನ ಬೋರಿಂಗೇ ನಿಂತಿರುವುದನ್ನು ಕಂಡರು. ನಮ್ಮ ದೇಶದ ಬರಗಾಲಕ್ಕೆಂದು ರೂಪಿಸಿದ ಪಂಪು ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ಇದೆಯೆಂದು ಅವರಿಗೂ ಗೊತ್ತಿರಲಿಲ್ಲ. ಓಡಿಹೋಗಿ ಹಿಡಿ ಒತ್ತಿದರೆ ನೀರಿಲ್ಲ. ಕೆಟ್ಟು ಎರಡು ವರ್ಷವಾಗಿತ್ತು. ಕೆಟ್ಟದ್ದು ಅಂಗೈಯಗಲದ ಒಂದು ವಾಷರು. "ಹಾಕಿದವರು ಬರಬೇಕು" ಎಂದು ಊರಿನವರು ಹೇಳಿದರಂತೆ. ಹೆಂಗಸರು ಒಣಗಿದ ಹೊಳೆಯ ಮರಳು ತೋಡಿ, ಚಿಪ್ಪಿನಲ್ಲಿ ಮೊಗೆದು ನೀರು ತರುತ್ತಿದ್ದರು. ಆ ನೀರಿನ ಬಣ್ಣವನ್ನು ಅಂಕಲ್ ಎಂದೂ ವರ್ಣಿಸಲಿಲ್ಲ, ಆ ಮಾತು ಬಂದಾಗ ಎದ್ದು ಹೋಗಿಬಿಡುತ್ತಿದ್ದರು.

ರಿಟೈರ್ ಆದ ಮೇಲೆ ಪ್ರತಿ ವರ್ಷ ಅಲ್ಲಿಗೆ ಹೋದರು. ನಾವು ಕೆಲವರು ಸೇರಿ ಒಂದು ಜೊತೆ ಉಪಕರಣ, ಒಂದು ಪೆಟ್ಟಿಗೆ ವಾಷರು ಕೊಡಿಸಿದ್ದು ಬಿಟ್ಟರೆ ಉಳಿದದ್ದೆಲ್ಲ ಅವರ ರೀತಿಯಲ್ಲೇ ನಡೆಯಿತು. ಅವರ ರೀತಿ ಎಂದರೆ, ಏನೂ ಮಾಡದಿರುವುದು. ಈ ಪಂಪಿನ ವಾಷರು ಬದಲಿಸಬೇಕಾದರೆ ನೆಲದೊಳಗಿನ ಹನ್ನೆರಡು ಪೈಪುಗಳನ್ನು ಒಂದೊಂದಾಗಿ ಮೇಲೆಳೆದು ಬಿಚ್ಚಬೇಕು. ಆರೇಳು ಜನರ ಕೆಲಸ. ಎತ್ತುವಾಗ ಹಿಡಿತ ಜಾರಿದರೆ ಪೈಪುಗಳೆಲ್ಲ ಪಾತಾಳಕ್ಕೆ, ಅಲ್ಲಿಗೆ ಬಾವಿಯ ಕಥೆ ಮುಗಿದಂತೆ. ಅಂಕಲ್ ಮಾತ್ರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೈಕಟ್ಟಿ ಕೂರುತ್ತಿದ್ದರು. ಊರಿನವರು ತಪ್ಪಿದರೆ ಬಾಯಲ್ಲಿ ಹೇಳುವರು, ಕೈ ಬಿಚ್ಚರು. ನಮಗೂ ಅದನ್ನೇ ಬೋಧಿಸುತ್ತಿದ್ದರು: "ಕೆಲಸ ಮಾಡೋದು ಎಲ್ಲಾರಿಗೂ ಬರ್ತದ. ಕೈ ಕಟ್ಕೊಂಡು ಕುಂಡ್ರೋದು ಕಲೀರಿ ಮೊದಲ."

ಆ ಊರಿನಲ್ಲಿ ಮೊದಲು ಸ್ಪ್ಯಾನರು ಹಿಡಿದವಳು ಮುತಿಂಟಾ. ಐವತ್ತರ ಆಸುಪಾಸಿನ ಹೆಂಗಸು, ಶಾಲೆಯಲ್ಲಿ ಅಡುಗೆ ಮಾಡುವಾಕೆ. ಅವಳು ಪೈಪಿಗೆ ಜೋತುಬಿದ್ದಾಗ ಗಂಡಸರು ನಕ್ಕರಂತೆ. ಆಕೆ ನಕ್ಕವರ ಹೆಸರು ನೆನಪಿಟ್ಟುಕೊಂಡು, ಮುಂದಿನ ಸಲ ಅವರನ್ನೇ ಹಗ್ಗ ಎಳೆಯಲು ಕರೆದಳು. ಮನೆ ಮನೆಗೆ ಹೋಗಿ ಪಾಳಿ ಗೊತ್ತು ಮಾಡಿದಳು: ಇವತ್ತು ಈ ಮನೆಯವರು ಪಂಪಿನ ಸುತ್ತ ಗುಡಿಸಬೇಕು, ನಾಳೆ ಆ ಮನೆಯವರು ಬೇಲಿ ನೋಡಬೇಕು, ಪೈಪು ಎತ್ತುವ ದಿನ ಪ್ರತಿ ಮನೆಯಿಂದ ಒಬ್ಬರು ಬರಲೇಬೇಕು. ಹಾಗೆ ನಾಲ್ಕು ಸಲ ಪೈಪು ಎತ್ತಿಸಿದ್ದಳು. ಪ್ರತಿ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಅಲ್ಲಿ ಮಧ್ಯಾಹ್ನ ಮೂರು, ಅಂಕಲ್ ಅವಳಿಗೆ ಫೋನ್ ಮಾಡುತ್ತಿದ್ದರು. ಅವಳದು ನಿಧಾನದ, ಅಚ್ಚುಕಟ್ಟಾದ ಇಂಗ್ಲಿಷು. ಇಲ್ಲಿ ಅದನ್ನು ನನ್ನ ಮಂಡ್ಯದ ಕನ್ನಡಕ್ಕೆ ಇಳಿಸುತ್ತಿದ್ದೇನೆ, ಆಕೆಯ ಗತ್ತು ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ.

ಒಂದು ಚಳಿಗಾಲ ಅಂಕಲ್‌ಗೆ ಬೈಪಾಸ್ ಆಯಿತು. ಇನ್ನು ಅಷ್ಟು ದೂರದ ಪ್ರಯಾಣ ಬೇಡ ಎಂದರು ಡಾಕ್ಟರು. ಸ್ಕೋಕಿ ಎಂಬ ದೂರದ ಊರಿನಲ್ಲಿದ್ದ ಮಗಳು ಬಂದು ಇಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋಗುವುದೆಂದಾಯಿತು. ಹೊರಡುವ ಮುನ್ನ ಅಂಕಲ್ ನನ್ನನ್ನು ಕರೆದು, "ಇನ್ನ ಮುಂದ ಮುತಿಂಟಾಗ ನೀ ಫೋನ್ ಮಾಡು. ನಿನ್ನ ಕೈ ಭಾಳ ಚುರುಕು ಅದಾವ, ಅದಕ್ಕ ಹೇಳಾಕತ್ತೀನಿ, ಹುಷಾರ್" ಎಂದರು. ನಾನು ಇದನ್ನು ಹೊಗಳಿಕೆ ಎಂದುಕೊಂಡೆ.

ನನ್ನ ಕೈ ಯಾಕೆ ಚುರುಕು ಎಂದು ಹೇಳಬೇಕು. ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಸೀಲುಗಳನ್ನು ಮಾಡುತ್ತೇವೆ. ನಮ್ಮ ಸೀಲು ಹೊತ್ತಿಗೆ ತಲುಪದೆ ದೊಡ್ಡ ಕಾರ್ಖಾನೆಯಲ್ಲಿ ಕಾರು ಜೋಡಿಸುವ ಸಾಲು ನಿಂತರೆ ಅದಕ್ಕೆ ಲೈನ್ ಡೌನ್ ಎನ್ನುತ್ತಾರೆ. ಆ ಎರಡು ಪದ ಕಿವಿಗೆ ಬಿದ್ದರೆ ಡೆಟ್ರಾಯ್ಟ್ ಸೀಮೆಯ ಇಂಜಿನಿಯರು ಕೈತುತ್ತು ಬಿಟ್ಟು ಏಳುತ್ತಾನೆ. ಒಂದು ಡಬ್ಬಿ ಕ್ಲಿಪ್ಪಿಗಾಗಿ ವಿಮಾನ ಹಿಡಿದವರನ್ನು ಕಂಡಿದ್ದೇನೆ. ಮೊದಲು ಸಾಲು ಓಡಬೇಕು, ಕಾರಣ ಗೀರಣ ಎಲ್ಲ ಆಮೇಲೆ. ಇಪ್ಪತ್ತು ವರ್ಷ ಇದನ್ನೇ ಉಂಡು ಇದನ್ನೇ ಹೊದ್ದವನ ಕೈಗೆ ಅಂಕಲ್ ಆ ಫೋನು ಕೊಟ್ಟರು.

ಮಾರ್ಚಿನ ಮೊದಲ ಶನಿವಾರ ಮುತಿಂಟಾ ಹೇಳಿದಳು: "ಪಂಪು ನಿಂತಿದೆ. ವಾಷರು ಸವೆದಿರಬೇಕು, ಹೊಸದು ನನ್ನ ಹತ್ತಿರ ಇದೆ. ಊರಲ್ಲಿ ಒಂದು ಸಾವಾಗಿದೆ. ಅದರ ಕೆಲಸ ಮುಗಿಸಿ ಗುರುವಾರ ಎಲ್ಲರೂ ಸೇರಿ ಪೈಪು ಎತ್ತುತ್ತೇವೆ."

ನನಗೆ ಕೇಳಿಸಿದ್ದು ಮೊದಲ ಎರಡು ಪದ, ಆಮೇಲೆ ಆ ಗುರುವಾರ ಮಾತ್ರ. ಗುರುವಾರ? ಐದು ದಿನ ನೀರಿಲ್ಲದೆ? ಫೋನ್ ಇಟ್ಟವನೇ ಕಂಪ್ಯೂಟರ್ ಮುಂದೆ ಕೂತೆ. ಅಲ್ಲಿನ ಪಟ್ಟಣದಲ್ಲಿ ಪಂಪು ರಿಪೇರಿ ಮಾಡುವವನೊಬ್ಬನನ್ನು ಹುಡುಕಿ, ಲಾರಿ ಗೊತ್ತು ಮಾಡಿ, ನಾಲ್ಕು ಜನ ಕೂಲಿಯವರನ್ನೂ ಹತ್ತಿಸಿದೆ. ಮಂಗಳವಾರ ಮಧ್ಯಾಹ್ನ ನೀರು ಸುರಿಯುವ ಫೋಟೋ ಬಂತು. ನಾನು ಅದನ್ನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ. ಯುಗಾದಿಗೆ ಎಲ್ಲರೂ ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಸ್ಲೈಡ್ ಮಾಡಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಒಬ್ಬರು ಹೋಳಿಗೆಯ ಮೇಲೆ ಇನ್ನೊಂದು ಹೋಳಿಗೆ ಹಾಕಿದರು. ಆ ಹೊತ್ತಿಗೆ ನನಗೆ ಎರಡು ಕೊಂಬು ಬಂದಿದ್ದವು, ವಿದ್ಯಾ ಅದನ್ನು ಈಗಲೂ ಹೇಳುತ್ತಾಳೆ. ಸ್ಕೋಕಿಗೆ ಫೋನ್ ಮಾಡಿ ಅಂಕಲ್‌ಗೂ ವರದಿ ಒಪ್ಪಿಸಿದೆ. ಅವರು, "ಮುತಿಂಟಾ ಏನಂದ್ಲು?" ಎಂದು ಕೇಳಿದರು. ನಾನು ಅವಳನ್ನು ಕೇಳಿರಲೇ ಇಲ್ಲ. ಮುಂದಿನ ಶನಿವಾರಗಳಲ್ಲಿ ಕೇಳಿದಾಗಲೂ ಅವಳು, "ಚೆನ್ನಾಗಿದೆ, ಪಂಪು ಚೆನ್ನಾಗಿದೆ" ಎನ್ನುತ್ತಿದ್ದಳು, ಅಷ್ಟೇ. ಆಮೇಲೆ ಅವಳ ಫೋನು ಹತ್ತದೇ ಹೋಯಿತು.

ಅಕ್ಟೋಬರಿನಲ್ಲಿ, ಅಲ್ಲಿ ಬಿಸಿಲು ನೆಲವನ್ನು ಸೀಳುವ ತಿಂಗಳಲ್ಲಿ, ನನಗೇ ಒಂದು ಕರೆ ಬಂತು. ಮುತಿಂಟಾ ಅಲ್ಲ, ಊರಿನ ಯಜಮಾನ. ಪಂಪು ಕೆಟ್ಟು ಮೂರು ವಾರವಾಗಿದೆ, ಲಾರಿ ಯಾವಾಗ ಕಳಿಸುತ್ತೀರಿ ಎಂದು ಬಹಳ ವಿನಯದಿಂದ ಕೇಳಿದ. ಮೂರು ವಾರ! ಮುತಿಂಟಾ ಎಲ್ಲಿ ಎಂದೆ. "ಅವಳು ಈಗ ಆ ಕೆಲಸ ಬಿಟ್ಟಿದ್ದಾಳೆ" ಎಂದ. ಕೆದಕಿ ಕೆದಕಿ ಕೇಳಿದಾಗ ಒಂದೊಂದೇ ಹೊರಬಂತು. ಲಾರಿ ಬಂದು ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ ಹೋದ ದಿನ ಜನ ಮುತಿಂಟಾಳ ಮುಖಕ್ಕೇ ನಕ್ಕಿದ್ದರು. ಒಂದು ಫೋನಿಗೆ ಅಮೆರಿಕ ಬಂದು ನಿಲ್ಲುತ್ತದೆ, ನೀನು ನಮ್ಮ ಸೊಂಟ ಮುರಿಸಿದ್ದೇಕೆ ಎಂದು ಕೇಳಿದ್ದರು. ಗುಡಿಸುವವರು ಗುಡಿಸಲಿಲ್ಲ, ಬೇಲಿ ಬಿತ್ತು, ದನ ನುಗ್ಗಿದವು. ಆಕೆ ಸ್ಪ್ಯಾನರುಗಳನ್ನು ಒಂದು ಚೀಲಕ್ಕೆ ಹಾಕಿ ಯಜಮಾನನ ಜಗಲಿಯ ಮೇಲಿಟ್ಟು ಮನೆಗೆ ಹೋದಳಂತೆ. ಈಗ ಹೆಂಗಸರು ಮತ್ತೆ ಹೊಳೆಯ ಮರಳು ತೋಡುತ್ತಿದ್ದರು. ಮಕ್ಕಳಿಗೆ ಭೇದಿ ಶುರುವಾಗಿತ್ತು.

ನಾನು ಒಂದು ವಾಷರು ಸರಿ ಮಾಡಲು ಹೋಗಿ ಇಡೀ ಪಂಪನ್ನು ಮುರಿದಿದ್ದೆ. ಇನ್ನೂ ನಾಚಿಕೆಗೇಡಿನ ಮಾತೆಂದರೆ, ಆ ಕ್ಷಣದಲ್ಲೂ ನನ್ನ ಕೈ ಕಂಪ್ಯೂಟರಿನ ಕಡೆಗೇ, ಲಾರಿಯವನ ನಂಬರಿಗೇ ಹೋಯಿತು. ಮಕ್ಕಳು ಹಾಸಿಗೆ ಹಿಡಿದಿವೆ, ಕಳಿಸದೆ ಇರುವುದು ಹೇಗೆ? ಕಳಿಸಿದರೆ ಮತ್ತೆ ಆರು ತಿಂಗಳಿಗೆ ಇದೇ ಕಥೆ, ಆಗ ಮುತಿಂಟಾ ಎಂದೆಂದಿಗೂ ಬರುವುದಿಲ್ಲ. ಕ್ಲೋರಿನ್ ಮಾತ್ರೆ, ನೀರು ಕಾಯಿಸಿ ಕುಡಿಯುವುದು, ಹತ್ತಿರದ ಕ್ಲಿನಿಕ್ಕಿನ ನರ್ಸು, ಇಷ್ಟಕ್ಕೆ ಮಾತ್ರ ಏರ್ಪಾಟು ಮಾಡಿ, ಕಾರು ಹತ್ತಿ ಸ್ಕೋಕಿಯ ದಾರಿ ಹಿಡಿದೆ. ಇನ್ನೂರ ಎಂಬತ್ತು ಮೈಲಿ ದಾರಿಯಲ್ಲಿ ಒಂದು ಎಕ್ಸಿಟ್ಟಿನಲ್ಲೂ ಕಾಫಿಗೆ ಇಳಿಯಲಿಲ್ಲ.

ಅಂಕಲ್ ಬಡಕಲಾಗಿದ್ದರು. ನನ್ನ ಮಾತು ಪೂರ್ತಿ ಕೇಳಿದರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ನೀವೇ ಒಂದು ಮಾತು ಆಡಿ, ನಿಮ್ಮ ಮಾತಾದರೆ ಮುತಿಂಟಾ ಕೇಳುತ್ತಾಳೆ ಎಂದು ಗೋಗರೆದೆ.

"ತಪ್ಪು ನಿಂದು, ಮಾತು ನಂದಾದ್ರ ಹ್ಯಾಂಗ?" ಎಂದರು. "ನಾನೂ ಒಂದು ಮಾತು ಒಪ್ಕೋಬೇಕು. ನಿನಗ ಬಿಚ್ಚೋದು ಕಲಿಸಿದೆ, ಕುಂಡ್ರೋದು ಬರೇ ಬಾಯಿಲೆ ಹೇಳಿದೆ. ಫೋನ್ ಮಾಡು. ಊರ ಮಂದೀನ್ನೆಲ್ಲಾ ಕೂಡಸು ಅಂತ ಹೇಳು ಯಜಮಾನಗ."

"ಅವಳು ಬರದೇ ಇದ್ರೆ?" ಎಂದೆ.

ಒಲೆಯ ಮುಂದಿದ್ದ ಗಿರಿಜಾ ಆಂಟಿ ತಿರುಗದೆಯೇ ಹೇಳಿದರು: "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಆಕಿಗೂ ನೀರು ಬೇಕೋ ಬ್ಯಾಡೋ?"

ಮರುದಿನ ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿದೆ. ಆ ಕಡೆ ಮರದ ಕೆಳಗೆ ಜನ ಸೇರಿದ ಗದ್ದಲ, ಕೋಳಿ, ಮಕ್ಕಳು. ಯಜಮಾನ ನನ್ನ ಮಾತನ್ನು ಅವರ ಭಾಷೆಗೆ ತಿರುಗಿಸಿ ಹೇಳುತ್ತಿದ್ದ. ಮುತಿಂಟಾ ಬಂದಿದ್ದಾಳೆ, ದೂರ ನಿಂತಿದ್ದಾಳೆ ಎಂದ. ಬರೆದುಕೊಂಡು ಬಂದಿದ್ದ ಭಾಷಣ ಬಿಟ್ಟು ನಾನು ಇದ್ದದ್ದನ್ನು ಹೇಳಿದೆ. ಮಾರ್ಚಿನಲ್ಲಿ ಲಾರಿ ಕಳಿಸಿದ್ದು ನನ್ನ ತಪ್ಪು. ಗುರುವಾರ ಎತ್ತುತ್ತೇವೆ ಎಂದು ಮುತಿಂಟಾ ಹೇಳಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ. ನಾನು ನಿಜವಾದ ಬಾವಿಯಿಂದ ಒಂದು ಪೈಪನ್ನೂ ಎತ್ತಿದವನಲ್ಲ, ಕಾರು ನಿಲ್ಲಿಸುವ ಜಾಗದಲ್ಲಿ ಒಂದು ನೀಲಿ ಡ್ರಮ್ಮಿನ ಮೇಲೆ ಅಭ್ಯಾಸ ಮಾಡಿದವನು, ಅಲ್ಲೂ ವಾಷರನ್ನು ತಲೆಕೆಳಗೆ ಹಾಕಿದವನು. ನಾಲ್ಕು ಸಲ ಎತ್ತಿದವಳು ನಿಮ್ಮೆದುರಿಗೇ ಇದ್ದಾಳೆ.

ಯಜಮಾನ ಡ್ರಮ್ಮಿನ ವಿಷಯ ತಿರುಗಿಸಿ ಹೇಳಿದಾಗ ಅಲ್ಲಿ ದೊಡ್ಡ ನಗು ಎದ್ದಿತು. ನಗು ಇಳಿದ ಮೇಲೆ ಮುತಿಂಟಾಳ ಧ್ವನಿ ಹತ್ತಿರವೇ ಕೇಳಿಸಿತು.

"ಹಾಗಾದರೆ ಲಾರಿ ಬರುವುದಿಲ್ಲ?"

"ಬರುವುದಿಲ್ಲ."

"ಜೋರಾಗಿ ಹೇಳಿ. ಹಿಂದೆ ನಿಂತವರಿಗೂ ಕೇಳಬೇಕು."

"ಲಾರಿ ಬರುವುದಿಲ್ಲ!" ಸ್ಕೋಕಿಯ ಆ ಶಾಂತವಾದ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಮೇಲಿನಿಂದ ಅಂಕಲ್ ಮೊಮ್ಮಗಳು, "ಇಸ್ ಎವರಿಥಿಂಗ್ ಓಕೆ?" ಎಂದು ಇಣುಕಿ ನೋಡಿದಳು. ಮುತಿಂಟಾ ಫೋನ್ ಇಟ್ಟಳು.

ಆಮೇಲಿನ ಹನ್ನೊಂದು ದಿನ ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ಆ ಕಡೆಯಿಂದ ಒಂದು ಮಾತಿಲ್ಲ. ಮಕ್ಕಳು ಚೇತರಿಸಿಕೊಳ್ಳುತ್ತಿದ್ದಾರೆ ಎಂದು ನರ್ಸು ಹೇಳಿದ್ದೊಂದೇ ಆಸರೆ. ಮೀಟಿಂಗಿನಲ್ಲಿ ಕೂತರೆ ಮರಳು ತೋಡುವ ಕೈಗಳು ಕಣ್ಣಿಗೆ ಬರುತ್ತಿದ್ದವು. ನಾಲ್ಕನೆಯ ದಿನ ನಾನು ಲಾರಿಯವನ ನಂಬರನ್ನು ಅಳಿಸಿಹಾಕಿದೆ. ಐದನೆಯ ದಿನ ಅದು ಬಾಯಿಪಾಠವಾಗಿದೆ ಎಂದು ಗೊತ್ತಾಯಿತು. ನನ್ನ ಮಗಳು, "ಡ್ಯಾಡ್, ಜಸ್ಟ್ ಕಾಲ್ ದೆಮ್" ಎಂದಳು. ವಿದ್ಯಾ ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟಳು. ಕೈಕಟ್ಟಿ ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಆಗ ತಿಳಿಯಿತು. ಕೂತು ಕೂತು ಬೆನ್ನು ನೋಯುತ್ತಿತ್ತು.

ಹನ್ನೆರಡನೆಯ ದಿನ ಒಂದು ಫೋಟೋ ಬಂತು. ಕೆಂಪು ಕೆಸರಿನಲ್ಲಿ ಮುಳುಗಿದ ಏಳೆಂಟು ಜನ, ಅರ್ಧ ಹೆಂಗಸರು ಅರ್ಧ ಗಂಡಸರು, ನೆಲದ ಮೇಲೆ ಹನ್ನೆರಡು ಪೈಪು. ಮುತಿಂಟಾ ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ, ಯಾರನ್ನೋ ಗದರುತ್ತಿದ್ದಳು. ಕೆಳಗೆ ಒಂದೇ ಸಾಲು: ನೀರು ನಿನ್ನೆಯೇ ಬಂತು. ನಿನ್ನೆಯೇ! ನನಗೆ ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ, ಮುಚ್ಚಿಟ್ಟುಕೊಳ್ಳುವುದೇನಿದೆ.

ಇದೆಲ್ಲ ಆಗಿ ಎರಡು ವರ್ಷ ದಾಟಿತು. ಮುತಿಂಟಾ ನನ್ನ ಜೊತೆ ಮತ್ತೆ ಮಾತಾಡಲು ಶುರು ಮಾಡಿದಳು, ಆದರೆ ಈಗ ಅವಳು ಹೇಳುವವಳು, ನಾನು ಹೂಂಗುಟ್ಟುವವನು. ಪಂಪು ಎರಡು ಸಲ ಕೆಟ್ಟು ಎರಡು ಸಲವೂ ಸರಿಯಾಯಿತು, ಎರಡೂ ನನಗೆ ಗೊತ್ತಾದದ್ದು ಮುಗಿದ ಮೇಲೆ. ಕ್ಯಾಂಟನ್ನಿನ ನಮ್ಮ ಗೆಳೆಯರು ಆಗಾಗ, ಈ ವರ್ಷ ನಾವೇನು ಮಾಡೋಣ ಎಂದು ಕೇಳುತ್ತಾರೆ. ಕೇಳಿದಾಗ ವಾಷರಿನ ಪೆಟ್ಟಿಗೆ ಕಳಿಸೋಣ, ಕೇಳದಿದ್ದರೆ ಕೂರೋಣ ಎನ್ನುತ್ತೇನೆ. ಇದರಲ್ಲಿ ತೋರಿಸಲು ಸ್ಲೈಡು ಇರುವುದಿಲ್ಲ ಎಂದು ಕೆಲವರಿಗೆ ಬೇಸರ.

ಇವತ್ತು ತಿಂಗಳ ಮೊದಲ ಶನಿವಾರ. ಒಂಬತ್ತಕ್ಕೆ ಫೋನ್ ಮಾಡಿದೆ, ಎತ್ತಲಿಲ್ಲ. ಕಾಫಿ ಕುಡಿದು ಮತ್ತೆ ಮಾಡಿದೆ, ಇಲ್ಲ. ಮೂರನೆಯ ಸಲ ಅವಳ ತಂಗಿ ಎತ್ತಿದಳು. ಗುಡ್ಡದಾಚೆಯ ಊರಿನ ಪಂಪು ಕೆಟ್ಟಿದೆಯಂತೆ, ಅಲ್ಲಿಯವರು ಬಂದು ಕರೆದರಂತೆ. ಮುತಿಂಟಾ ನಾಲ್ವರನ್ನು ಕಟ್ಟಿಕೊಂಡು ಸ್ಪ್ಯಾನರು ಹೊತ್ತು ಬೆಳಿಗ್ಗೆಯೇ ಹೋಗಿದ್ದಾಳೆ, ಅಲ್ಲಿನವರಿಗೆ ಎತ್ತುವುದು ಕಲಿಸಿ ಬರುತ್ತಾಳೆ. ಫೋನನ್ನು ಮನೆಯಲ್ಲೇ ಬಿಟ್ಟಿದ್ದಾಳೆ. "ಅದು ಜೇಬಿನಲ್ಲಿದ್ದರೆ ಕೆಲಸಕ್ಕೆ ಅಡ್ಡ ಅಂದಳು" ಎಂದು ತಂಗಿ ಸಂಕೋಚದಿಂದ ಹೇಳಿದಳು. ಏನಾದರೂ ತಿಳಿಸಬೇಕೇ ಎಂದು ಕೇಳಿದಳು. ಏನೂ ಇಲ್ಲ ಎಂದೆ.

ಕೂಡಲೇ ಸ್ಕೋಕಿಗೆ ಫೋನ್ ಮಾಡಿದೆ. ಅಂಕಲ್ ಎತ್ತಿದರು, ನಾನು ಒಂದೇ ವಾಕ್ಯ ಹೇಳಿದೆ. ಆ ಕಡೆ ಏನೋ ಬಿದ್ದ ಸದ್ದು, ಆಮೇಲೆ ಗಿರಿಜಾ ಆಂಟಿಯ ಗಾಬರಿಯ ಧ್ವನಿ.

"ಏನಂದ್ಯೋ ಇವರಿಗೆ? ಎದಿ ಹಿಡ್ಕೊಂಡು ನಗಾಕತ್ತಾರ, ನನಗ ಅಂಜಿಕಿ ಆಗಾಕತ್ತದ!"

"ಏನಿಲ್ಲ ಆಂಟಿ," ಎಂದೆ. "ಮುತಿಂಟಾ ಫೋನ್ ಎತ್ತಲಿಲ್ಲ ಅಂದೆ, ಅಷ್ಟೇ."